ಸೀಕ್ಯೂ, ಸೀಕ್ಯೂ, ಮೂರು ಕಿಲೋ

ದೂರದ ಬೆಟ್ಟ ಕಿವಿಗೆ ನುಣ್ಣಗೆ ಅಂತ ಹಿರಿಯರು ಹೇಳಿದ್ದಾರೆ. ಹೇಳಿಲ್ಲವಾದರೆ ಅದು ಹಿರಿಯರ ತಪ್ಪು, ಅವರ ಕಾಲದಲ್ಲಿ ರೇಡಿಯೋ ಇರಲಿಲ್ಲ. ತಮಿಳು ಸೀಮೆಯ ಮಾರ್ಕಯನ್‌ಕೋಟ್ಟೈ ತಂಗವೇಲನನ್ನು ಒಂದು ಮಾತು ಕೇಳಿದ್ದರೆ ಗಾದೆಯನ್ನು ಆಗಲೇ ತಿದ್ದಿಕೊಡುತ್ತಿದ್ದ. ಇದು ಅವನ ಕತೆ, ಅಕ್ಷರಕ್ಷರ ನಿಜ. ಸಾಕ್ಷಿ ಬೇಕೆನ್ನುವವರಿಗೆ ಮೂವತ್ತು ನಾಟಿಕೋಳಿಗಳಿವೆ. ಹೋಗಿ ಕೇಳಿ, ಕೂಗಿ ಹೇಳುತ್ತವೆ.

ಎಲ್ಲಕ್ಕೂ ಮೂಲ ಒಂದು ಮೈಕು.

ತಂಗವೇಲ್ ತೆಂಗಿನಕಾಯಿ ವ್ಯಾಪಾರಿ. ವಯಸ್ಸು ನಲವತ್ತಾರು, ಹೊಟ್ಟೆಯ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ. ಹೋದ ವರ್ಷ ಹಳೇ ಡೀಸೆಲ್ ಗಾಡಿ ಕೊಟ್ಟು ಎಲೆಕ್ಟ್ರಿಕ್ ಪಿಕಪ್ ತಂದಿದ್ದ. ಅದು ಅಡುಗೆಮನೆಗೆ ನುಗ್ಗುವ ಬೆಕ್ಕಿನಂತೆ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿತ್ತು. ಗಾಡಿ ಬಿಟ್ಟರೆ ಅವನಿಗಿದ್ದ ಇನ್ನೊಂದು ಹುಚ್ಚು ಹ್ಯಾಮ್ ರೇಡಿಯೋ. ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, 'ವಿಕ್ಟರ್ ಯೂನಿಫಾರ್ಮ್ ತ್ರೀ ಕಿಲೋ' ಎಂದು ಶುರುವಾಗುವ ಕರೆಹೆಸರು ಗಳಿಸಿದ್ದ. ಆಮೇಲೆ ಇನ್ನೂ ಎರಡಕ್ಷರವಿತ್ತು. ಆದರೆ ಅಲ್ಲಿಯವರೆಗೆ ತಾಳ್ಮೆಯಿಂದ ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಮಗನನ್ನು ಮುದ್ದಿಗೆ 'ಕಣ್ಣು' ಎಂದು ಕರೆಯುವ ಅವನ ತಾಯಿ ವೀರಮ್ಮಾಳ್ ಅದನ್ನು 'ಆಮೆ ರೇಡಿಯೋ' ಎನ್ನುತ್ತಿದ್ದಳು.

"ಆಮೆ ಅಲ್ಲಮ್ಮಾ, ಹ್ಯಾಮ್!"

"ಅದೇ ಕಣ್ಣು, ಆಮೆ. ಚಿಪ್ಪಿನೊಳಗೆ ಕುಂತ್ಕಂಡು ಒಬ್ಬನೇ ಮಾತಾಡ್ತೀಯಲ್ಲ."

ಆ ರೇಡಿಯೋವನ್ನು ಮಹಡಿಯಿಂದ ಇಳಿಸಿ ಗಾಡಿಗೆ ಕೂರಿಸಬೇಕು, ಓಡುತ್ತ ಓಡುತ್ತ ಮಾತಾಡಬೇಕು ಎನ್ನುವುದು ತಂಗವೇಲನ ಬಹುದಿನದ ಆಸೆ. ಅದನ್ನು ನಡೆಸಿಕೊಟ್ಟವನು ಚಿಕ್ಕಪ್ಪನ ಮಗ ಜೆಯಕುಮಾರ್. ಚಿನ್ನಮನೂರಿನಲ್ಲಿ ಮೈಕ್ ಸೆಟ್ ಇಟ್ಟವನು, ಮದುವೆಗೂ ಸಾವಿಗೂ ಅವನದೇ ಸದ್ದು. ಜೊತೆಗೆ ಮಿಮಿಕ್ರಿ ಬೇರೆ. ಬಸ್ ಕಂಡಕ್ಟರನಿಂದ ಹಿಡಿದು ಗಬ್ಬದ ಮೇಕೆಯವರೆಗೆ ಯಾರ ದನಿಯಾದರೂ ಸರಿ, ಗಂಟಲಲ್ಲಿಟ್ಟುಕೊಂಡು ತಿರುಗುತ್ತಿದ್ದ.

"ಅಣ್ಣಾ, ನಾಳೆ ಮಗೂಗೆ ಕಿವಿ ಚುಚ್ಚೋದು, ಇವತ್ತು ಗಾಡಿಗೆ ತಲೆ ಚುಚ್ಚೋದು," ಎಂದು ಜೆಯಕುಮಾರ್ ಡ್ರಿಲ್ ಹಿಡಿದು ಹೊಸ ಗಾಡಿಯ ನೆತ್ತಿಗೆ ತೂತು ಹಾಕಿದಾಗ ತಂಗವೇಲ್ ಕಣ್ಣು ಮುಚ್ಚಿಕೊಂಡ. ತೂತಿನಲ್ಲಿ ಎಂಟಡಿ ಆಂಟೆನಾ ನಿಂತಿತು. ಗಾಡಿಯ ಚಿಕ್ಕ ಬ್ಯಾಟರಿಯಿಂದ ರೇಡಿಯೋಗೆ ವೈರು ಬಂತು. ದೊಡ್ಡ ಬ್ಯಾಟರಿಯ ತಂಟೆಗೆ ಮಾತ್ರ ಇಬ್ಬರೂ ಹೋಗಲಿಲ್ಲ, ಅದನ್ನು ಮುಟ್ಟಿದರೆ ತೂತು ಬೀಳುವುದು ಆಯುಸ್ಸಿಗೆ.

ಉಳಿದದ್ದು ಮೈಕು. ಬೀದಿ ಬೀದಿ ತಿರುಗಿ ಎಳನೀರು ಮಾರುತ್ತಿದ್ದ ಕಾಲದ, ಹಳೇ ಗಾಡಿಯಿಂದ ತಂದು ಈ ಗಾಡಿಯ ನೆತ್ತಿಗೆ ಹಾಕಿದ, ಹಿಂದಕ್ಕೆ ಮುಖ ಮಾಡಿದ ಒಂದು ಹಾರ್ನ್ ಸ್ಪೀಕರ್ ಇತ್ತು. ಅದಕ್ಕೊಂದು ಮೈಕು, ರೇಡಿಯೋಗೊಂದು ಮೈಕು ಎಂದರೆ ನೇತುಹಾಕಲು ಜಾಗವಿರಲಿಲ್ಲ.

"ಒಂದು ಬಾಯಿಗೆ ಎರಡು ಮೈಕು ಯಾಕಣ್ಣಾ?" ಎಂದು ಜೆಯಕುಮಾರ್ ಎರಡನ್ನೂ ಒಂದೇ ಮೈಕಿಗೆ ಸೇರಿಸಿ, ಎಡಗಡೆ ಸೀಟಿನ ಮುಂದೆ ಕೆಳಗೆ ಒಂದು ಕೆಂಪು ಸ್ವಿಚ್ಚು ಕೂರಿಸಿದ. "ನೋಡಣ್ಣಾ, ನೆನಪಿಟ್ಕೋ. ಕೆಳಗಿದ್ರೆ ಆಕಾಶಕ್ಕೆ ಮಾತ್ರ. ಮೇಲಿದ್ರೆ ಆಕಾಶಕ್ಕೂ ಹೋಗ್ತದೆ, ಊರಿಗೂ ಹೋಗ್ತದೆ."

ಪರೀಕ್ಷೆಗೆಂದು ಸ್ವಿಚ್ಚು ಮೇಲಿಟ್ಟು ತಂಗವೇಲ್ ಕೂಗಿದ: "ಸೀಕ್ಯೂ, ಸೀಕ್ಯೂ, ಸೀಕ್ಯೂ! ವಿಕ್ಟರ್ ಯೂನಿಫಾರ್ಮ್ ತ್ರೀ ಕಿಲೋ..."

ಸೀಕ್ಯೂ ಎಂದರೆ 'ಯಾರಾದರೂ ಇದ್ದೀರಾ, ಬನ್ನಿ, ಮಾತಾಡೋಣ' ಎಂದು ರೇಡಿಯೋದವರು ಲೋಕಕ್ಕೆಲ್ಲ ಕೊಡುವ ಕರೆ. ಆದರೆ ಪಕ್ಕದ ಮನೆ ಕಮಲಮ್ಮಾಳ್ ಸೆರಗನ್ನು ಮೂಗಿಗೆ ಒತ್ತಿಕೊಂಡೇ ಓಡಿಬಂದಳು.

"ಯಾರಿಗೆ ಸೀಕು? ವೀರಕ್ಕಾ, ನಿಂಗಾ? ಕೋಳಿಗಾ? ಬೀದಿಗೆಲ್ಲ ಕೇಳೋ ಅಂಗೆ ಕೂಗ್ತಾವ್ನಲ್ಲ ನಿನ್ನ ಮಗ!"

ಮನೆಯ ಕನ್ನಡದಲ್ಲೂ ಸೀಕು, ಬೀದಿಯ ತಮಿಳಲ್ಲೂ ಸೀಕ್ಕು. ರೋಗಕ್ಕೆ ಭಾಷೆಯ ಗಡಿ ಇಲ್ಲ. ಜೆಯಕುಮಾರ್ ಹೊಟ್ಟೆ ಹಿಡಿದು ನಕ್ಕ. ತಂಗವೇಲನಿಗೆ ಮಾತ್ರ ಮೈಯೆಲ್ಲ ಉರಿಯಿತು. "ಇದು ಯಾವೂರ ನ್ಯಾಯ! ಮೂರು ವರ್ಷ ಓದಿ ಪರೀಕ್ಷೆ ಪಾಸು ಮಾಡಿದೋನು ನಾನು, ಇವ್ರಿಗೆ ಸೀಕು!" ಎಂದು ಸ್ವಿಚ್ಚನ್ನು ಪಟ್ಟನೆ ಕೆಳಗಿಳಿಸಿದ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ವೀರಮ್ಮಾಳ್ ಎಲ್ಲವನ್ನೂ ನೋಡುತ್ತಿದ್ದಳು.

ಮರುದಿನ ತಂಗಿ ಅಭಿರಾಮಿಯ ಮಗುವಿಗೆ ಕಂಬಂನಲ್ಲಿ ಕಿವಿ ಚುಚ್ಚುವ ಶಾಸ್ತ್ರ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಹುಟ್ಟಿದ ಕೂಸು. ಶಾಸ್ತ್ರದಲ್ಲಿ ಮಗು ಕೂರಬೇಕಾದದ್ದು ತಾಯಿಮಾಮನ, ಅಂದರೆ ಸೋದರಮಾವನ ಮಡಿಲಲ್ಲಿ. ಅಭಿರಾಮಿಗೆ ಒಡಹುಟ್ಟಿದವನು ತಂಗವೇಲ್ ಒಬ್ಬನೇ, ಹಾಗಾಗಿ ಆ ಮಡಿಲು ಅವನದೇ. ಒಂಬತ್ತು ವರ್ಷದಿಂದ ಕಾದಿಟ್ಟ ಮಡಿಲು. ಅದಕ್ಕಾಗಿಯೇ ರೇಷ್ಮೆ ಪಂಚೆ ಕೊಂಡಿದ್ದ, ಹೊಟ್ಟೆ ಅಡ್ಡ ಬರಬಾರದೆಂದು ಹದಿನೈದು ದಿನದಿಂದ ರಾತ್ರಿ ಬರೀ ಗಂಜಿ ಕುಡಿದಿದ್ದ. ಮುಹೂರ್ತ ಹತ್ತೂವರೆಯಿಂದ ಹನ್ನೊಂದೂವರೆ. ಮಾಮನ ಸೀರಿನ, ಅಂದರೆ ತವರಿನ ಉಡುಗೊರೆಯ ತಟ್ಟೆಗಳ ಜೊತೆಗೆ ಮಧ್ಯಾಹ್ನದ ಊಟಕ್ಕೆ ಮೂವತ್ತು ನಾಟಿಕೋಳಿಯನ್ನೂ ಅವನೇ ಒಯ್ಯಬೇಕಿತ್ತು. ಕೋಳಿ ವೀರಮ್ಮಾಳ್ ಹಿತ್ತಲಲ್ಲಿ ಸಾಕಿದ್ದವು. ಹೆಂಡತಿ ತಮಿಳರಸಿ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿಯಾಗಿತ್ತು. "ಆ ಕಂಬ ನೆಟ್ಟ ಗಾಡೀಲಿ ನಾನು ಬರಲ್ಲ. ನೋಡಿದೋರು ಬಟ್ಟೆ ಒಣಗಾಕೋಕೆ ಬರ್ತಾರೆ," ಎಂದಿದ್ದಳು.

ಬೆಳಗ್ಗೆ ಎಂಟಕ್ಕೆ ಗಾಡಿ ಹೊರಟಿತು. ಹಿಂದೆ ಬಿದಿರು ಬುಟ್ಟಿಗಳಲ್ಲಿ ಕೋಳಿ. ಮುಂದೆ ಎಡಗಡೆ ವೀರಮ್ಮಾಳ್, ತೊಡೆಯ ಮೇಲೆ ಸೀರಿನ ತಟ್ಟೆ, ಕಾಲ ಬಳಿ ಎಲೆಯಡಿಕೆ ಡಬ್ಬಿ. ಅವಳಿಗೆ ಬಲಗಿವಿ ಮಂದ, ಎಡಗಿವಿ ಚುರುಕು. ಯಾವ ಹೊತ್ತಿನಲ್ಲಿ ಯಾವ ಕಿವಿ ಎನ್ನುವುದನ್ನು ಅವಳೇ ತೀರ್ಮಾನಿಸುತ್ತಿದ್ದಳು.

"ಆ ಕೆಂಪಿಗೆ ಗಾಳಿ ಆಡ್ತದಾ ಕಣ್ಣು? ಬೆಳಗ್ಗೆ ತಾನೇ ಮೊಟ್ಟೆ ಇಟ್ಟವ್ಳೆ."

"ಅಮ್ಮಾ, ಕೋಳಿಗೆ ಹೆಸರಿಡಬೇಡ ಅಂತ ಎಷ್ಟು ಸಲ ಹೇಳಿಲ್ಲ? ಹೆಸರಿಟ್ರೆ ಸಾರಿಗೆ ರುಚಿ ಬರಲ್ಲ."

"ಏನಂದೆ? ಕೇಳಿಸ್ಲಿಲ್ಲ," ಎಂದು ವೀರಮ್ಮಾಳ್ ಕಿಟಕಿಯ ಕಡೆ ತಿರುಗಿದಳು.

ತಂಗವೇಲ್ ರೇಡಿಯೋ ಹಾಕಿ ಕಿವಿಗೆ ಹೆಡ್‌ಫೋನ್ ಏರಿಸಿದ. ಆಗಲೇ ಮೊದಲನೇ ಎಡವಟ್ಟು ಗೊತ್ತಾದದ್ದು. ಹೊರಗೆ ಅಷ್ಟು ಮೌನಿಯಾದ ಗಾಡಿ ಹೆಡ್‌ಫೋನಿನೊಳಗೆ ಸಾವಿರ ಜೀರುಂಡೆಯಾಗಿತ್ತು. ಪೆಡಲು ಒತ್ತಿದರೆ ಝುಂಯ್ಯ್, ಬಿಟ್ಟರೆ ಝೊಂಯ್ಯ್. ಮೋಟರಿನ ಕರೆಂಟಿನ ಗಲಾಟೆಯೆಲ್ಲ ಆಂಟೆನಾ ಹತ್ತಿ ಕೂತಿತ್ತು. ಲೋಕವೇ ಕೂಗಿದರೂ ಅವನಿಗೆ ಕೇಳುವಂತಿರಲಿಲ್ಲ. ಕೇಳದಿದ್ದರೇನು, ಹೇಳಬಹುದಲ್ಲ! ಕಿಟಕಿಯ ಗಾಜು ಏರಿಸಿ, ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ, ಮೈಕು ಹಿಡಿದ.

"ಸೀಕ್ಯೂ, ಸೀಕ್ಯೂ, ಸೀಕ್ಯೂ! ವಿಕ್ಟರ್ ಯೂನಿಫಾರ್ಮ್ ತ್ರೀ ಕಿಲೋ... ಮೊಬೈಲ್. ಓವರ್!"

"ಓವರೇ. ನಂಗೂ ಅದೇ ಅನ್ನಿಸ್ತು," ಎಂದಳು ವೀರಮ್ಮಾಳ್.

ಚಿನ್ನಮನೂರು ಸಂತೆ ಚೌಕದಲ್ಲಿ ಗಾಡಿ ನಿಧಾನವಾದಾಗ ಯಾರೋ ಗಾಜು ಬಡಿದರು. ಹೆಡ್‌ಫೋನ್ ತೆಗೆದು ನೋಡಿದರೆ ಬುಟ್ಟಿ ಹಿಡಿದ ಇಬ್ಬರು ಹೆಂಗಸರು, ಅವರ ಹಿಂದೆ ಇನ್ನೂ ನಾಲ್ಕು ಜನ.

"ಅಣ್ಣೇ, ಸೀಕ್ಕುಕೋಳಿ ಮೂಣು ಕಿಲೋ ಎವ್ವಳವು?" ರೋಗದ ಕೋಳಿ ಮೂರು ಕಿಲೋಗೆ ಎಷ್ಟು ಎಂದು ಮೊದಲನೆಯವಳು ಕೇಳಿದಳು.

"ಯಾರಮ್ಮಾ ಹೇಳಿದ್ದು ಸೀಕು ಅಂತ?"

"ನೀನೇ ತಾನೇ ಮೈಕಲ್ಲಿ ಕೂಗ್ತಾ ಬಂದೆ! ಸೀಕು, ಸೀಕು, ಸೀಕು, ಮೂರು ಕಿಲೋ ಅಂತ."

ಟೀ ಅಂಗಡಿಯ ಮುದುಕನೊಬ್ಬ ಕೈಮುಗಿದ. "ನಲವತ್ತು ವರ್ಷದಿಂದ ಈ ಚೌಕದಲ್ಲಿ ಕೂತಿದೀನಪ್ಪಾ. ರೋಗದ ಕೋಳೀನ ರೋಗದ್ದೇ ಅಂತ ಹೇಳಿ ಮಾರೋ ಯೋಗ್ಯನ್ನ ಇವತ್ತೇ ನೋಡಿದ್ದು. ಈ ನಿಯತ್ತಿಗಾದ್ರೂ ಒಂದು ಕೋಳಿ ತಗೋತೀನಿ. ನಮ್ಮ ಮಾವನೋರು ಬಂದವ್ರೆ."

ತಂಗವೇಲನ ಕಿವಿ ಕೆಂಪಾಯಿತು. ಧಡಧಡ ಇಳಿದು ಎಡಗಡೆಯ ಬಾಗಿಲು ತೆಗೆದು ಬಗ್ಗಿ ನೋಡಿದ. ಕೆಂಪು ಸ್ವಿಚ್ಚು ಕೆಳಗೇ ಇತ್ತು. ಮೈಕು ಎಳೆದು "ಸೀಕ್ಯೂ!" ಎಂದ. ಹಾರ್ನು ತುಟಿ ಬಿಚ್ಚಲಿಲ್ಲ. "ಸೀಕ್ಯೂ, ಸೀಕ್ಯೂ!" ಎಂದು ಅರಚಿದ. ಊಹೂಂ.

"ನೋಡಿದ್ರಾ? ಇದು ಆಕಾಶಕ್ಕೆ ಹೋಗೋ ಮಾತು! ನಿಮಗೆ ಹೇಗೆ ಕೇಳಿಸ್ತದೆ?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕಾಶದ ಜೊತೆ ಮಾತಾಡುವವನ ಹತ್ತಿರ ಕೋಳಿ ಕೊಳ್ಳುವುದು ಬೇಡವೆಂದು ಹೆಂಗಸರು ಮೆಲ್ಲಗೆ ಸರಿದರು.

"ಹೊತ್ತಾಗ್ತದೆ ಕಣ್ಣು, ಓಗಾನ," ಎಂದಳು ವೀರಮ್ಮಾಳ್, ಅಡಿಕೆ ಕತ್ತರಿಸುತ್ತ.

"ಅಮ್ಮಾ, ನಿನಗೇನಾದ್ರೂ ಕೇಳಿಸ್ತಾ? ಹಾರ್ನಲ್ಲಿ?"

"ಏನಂದೆ?"

"ಹಾ-ರ್ನಲ್ಲಿ!"

"ನಂಗೆಲ್ಲಿ ಕೇಳ್ತದೆ ಸಾಮಿ, ಕಿವುಡಿ."

ಗಾಡಿ ಮತ್ತೆ ಹೊರಟಿತು. ತಂಗವೇಲನ ಅನುಮಾನವೆಲ್ಲ ಜೆಯಕುಮಾರನ ಮೇಲೆ. 'ಗಬ್ಬದ ಮೇಕೆ! ವೈರಲ್ಲಿ ಏನೋ ಕೈಚಳಕ ತೋರಿಸವ್ನೆ. ಕಂಬಂ ಸೇರಲಿ, ಅವನ ಗಂಟಲಿಗೇ ಡ್ರಿಲ್ ಹಾಕ್ತೀನಿ.' ಇನ್ನು ಮಾತಾಡಬಾರದು ಎಂದುಕೊಂಡ. ಆದರೆ ಎರಡು ಮೈಲಿ ಹೋಗುವುದರೊಳಗೆ ಸ್ವಾಭಿಮಾನ ಕೆರಳಿತು. ಊರಿನವರ ಕಿವಿ ಸರಿಯಿಲ್ಲವೆಂದು ಪರವಾನಗಿ ಇರುವವನು ಬಾಯಿ ಮುಚ್ಚಿಕೊಳ್ಳಬೇಕೇ? ಇದು ಯಾವೂರ ನ್ಯಾಯ? ಮೈಕು ಮತ್ತೆ ಬಾಯಿಗೆ ಬಂತು.

ದ್ರಾಕ್ಷಿ ತೋಟಗಳ ನಡುವೆ ಗಾಡಿ ಸಾಗಿತು, ಇಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ಡೀಸೆಲ್ ಗಾಡಿಯಾಗಿದ್ದರೆ ಗಡಗಡದಲ್ಲಿ ಅರ್ಧ ಮಾತು ಮುಚ್ಚಿಹೋಗುತ್ತಿತ್ತು. ಈ ಗಾಡಿಯ ಪುಣ್ಯದಿಂದ ಒಂದೊಂದು ಅಕ್ಷರವೂ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತ ಎರಡು ಬದಿಯ ತೋಟಕ್ಕೂ ಕೇಳುತ್ತಿತ್ತು. ದ್ರಾಕ್ಷಿ ಕೀಳುತ್ತಿದ್ದವರು ತಲೆಯೆತ್ತಿ ನೋಡಿದರು. ಒಬ್ಬ ಫೋನ್ ತೆಗೆದು ವಿಡಿಯೋ ಮಾಡಿದ. ಗಾಜಿನೊಳಗಿದ್ದ ತಂಗವೇಲ್ ಅದನ್ನು ಎಲೆಕ್ಟ್ರಿಕ್ ಗಾಡಿಯ ಮೇಲಿನ ಅಭಿಮಾನವೆಂದು ತಿಳಿದು ಕೈ ಬೀಸಿದ.

ಉತ್ತಮಪಾಳಯದ ಹೊರಗೆ ನಾಲ್ಕು ಬೈಕು ಅಡ್ಡ ನಿಂತವು.

"ವಂಡಿಯ ನಿಪ್ಪಾಟು!" ಎಂದು ಗಾಡಿ ನಿಲ್ಲಿಸಿದವನು ಕೋಳಿ ಅಂಗಡಿಯ ತಂಗರಾಸು. ಹಿಂದೆ ಇನ್ನೂ ಮೂವರು ಅಂಗಡಿಯವರು. "ಯೋವ್, ನೀನ್ಯಾರಯ್ಯಾ? ಊರೂರು ಸುತ್ತಿ ಸೀಕ್ಕು ಸೀಕ್ಕು ಅಂತ ಸಾರ್ತಾ ಇದೀಯ. ಬೆಳಗ್ಗೆಯಿಂದ ನಮ್ಮ ಅಂಗಡಿಗೆ ಒಂದು ನೊಣ ಬಂದಿಲ್ಲ!"

"ನಾನು ಸಾರಿಲ್ಲ! ಅದು ಸೀಕ್ಯೂ!"

"ಅದನ್ನೇ ತಾನೇ ಹೇಳ್ತಿರೋದು!"

"ಸೀ-ಕ್ಯೂ! ಇಂಗ್ಲಿಷು!"

"ಇಂಗ್ಲಿಷಲ್ಲಿ ಹೇಳಿದ್ರೆ ರೋಗ ವಾಸಿಯಾಗ್ತದಾ? ಮತ್ತೆ ಆ ವಿಕ್ಟರ್ ಯಾರು? ಯೂನಿಫಾರಂ ಹಾಕ್ಕೊಂಡು ಮೂರು ಕಿಲೋ ಕೇಳ್ತಿರೋನು? ಯಾವ ಡಿಪಾರ್ಟ್‌ಮೆಂಟು?"

ತಂಗವೇಲ್ ಮತ್ತೆ ಓಡಿ ಎಡಗಡೆಗೆ ಬಂದು ಬಗ್ಗಿದ. ಸ್ವಿಚ್ಚು ಕೆಳಗೆ. ಮೈಕು ಒತ್ತಿದ, ಹಾರ್ನು ಮೌನ. ಅವನು ತಾಯಿಯ ಮುಖ ನೋಡಿದ. ಅವಳು ಎಲೆಯಡಿಕೆ ಬಾಯಿಗಿಟ್ಟು, "ಯಾರು ಕಣ್ಣು ಇವ್ರೆಲ್ಲ? ಸೀರು ತಗಂಡೋಗೋಕೆ ಬಂದವ್ರಾ?" ಎಂದಳು.

ಮಾತಿಗೆ ಮಾತು ಬೆಳೆಯಿತು. ಕೋಳಿಗೆ ರೋಗ ಇಲ್ಲವೆಂದಾದರೆ ಪಶುವೈದ್ಯರ ಬಾಯಿಂದ ಹೇಳಿಸು, ಇಲ್ಲವೆಂದರೆ ಗಾಡಿ ಒಂದಡಿಯೂ ಮುಂದೆ ಹೋಗುವುದಿಲ್ಲ ಎಂದು ತಂಗರಾಸು ಬೈಕಿನ ಕೀಲಿ ಜೇಬಿಗಿಳಿಸಿದ. ಗಡಿಯಾರ ಒಂಬತ್ತೂಕಾಲು. ಪಶುವೈದ್ಯೆ ಡಾಕ್ಟರ್ ಸತ್ಯಾ ಹತ್ತಕ್ಕೆ ಬರುವವರು. ಬಂದ ಮೇಲೆ ಅವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ, ತಂಗವೇಲನಿಗೆ ಕಷ್ಟವಾದದ್ದೂ ಅದರಿಂದಲೇ. ಒಂದೊಂದು ಕೋಳಿಯ ಕೊಕ್ಕು ಬಿಡಿಸಿ ನೋಡಿದರು, ರೆಕ್ಕೆ ಎತ್ತಿದರು, ಕಣ್ಣ ರೆಪ್ಪೆ ಎಳೆದರು, ಬರೆದುಕೊಂಡರು. ಕೆಂಪಿಯನ್ನು ಮಾತ್ರ ವೀರಮ್ಮಾಳ್ ತಾನೇ ಎತ್ತಿಕೊಟ್ಟಳು, "ಬೆಳಗ್ಗೆ ಮೊಟ್ಟೆ ಇಟ್ಟವ್ಳೆ ತಾಯಿ, ಮೆಲ್ಲಗೆ," ಎನ್ನುತ್ತ.

ಹನ್ನೆರಡನೇ ಕೋಳಿಯ ಹೊತ್ತಿಗೆ ಅಭಿರಾಮಿಯ ಫೋನು. "ಅಣ್ಣಾ, ಎಲ್ಲಿದೀಯ?" ಇಪ್ಪತ್ತನೇ ಕೋಳಿಯ ಹೊತ್ತಿಗೆ ತಮಿಳರಸಿಯದು. ಅವಳು ಪ್ರಶ್ನೆ ಕೇಳಲಿಲ್ಲ, ಬರೀ ಉಸಿರು ಬಿಟ್ಟಳು. ಇಪ್ಪತ್ತೇಳನೇ ಕೋಳಿಗೆ ಮತ್ತೆ ಅಭಿರಾಮಿ, ಅಳುದನಿಯಲ್ಲಿ: "ಅಣ್ಣಾ, ಅಕ್ಕಸಾಲಿ ಎದ್ದು ನಿಂತವ್ನೆ. ಇನ್ನೊಂದು ಕಡೆ ಕಿವಿ ಚುಚ್ಚೋಕಿದೆಯಂತೆ."

"ತಡಿ ಅಭಿ, ಇನ್ನು ಮೂರೇ ಕೋಳಿ!" ಎಂದ ತಂಗವೇಲ್. ಮಗುವಿನ ಕಿವಿಗೂ ಮೂರು ಕೋಳಿಗೂ ಏನು ಸಂಬಂಧವೆಂದು ಅಭಿರಾಮಿಗೆ ಹೊಳೆಯಲಿಲ್ಲ.

ಕೊನೆಗೆ ಡಾಕ್ಟರ್ ಸತ್ಯಾ ಸಹಿ ಹಾಕಿದ ಕಾಗದ ಕೊಟ್ಟರು. "ಮೂವತ್ತೂ ಗಟ್ಟಿಯಾಗಿವೆ. ಇಷ್ಟು ಚೆನ್ನಾಗಿ ಸಾಕಿದ ಕೋಳಿ ನಾನು ನೋಡಿಲ್ಲ. ಆದರೆ ಸಾರ್, ಆರೋಗ್ಯವಾಗಿರೋ ಕೋಳಿ ಇಟ್ಟುಕೊಂಡು ಸೀಕ್ಕು ಅಂತ ಯಾಕೆ ಕೂಗಿದಿರಿ?"

ತಂಗವೇಲ್ ಮೊದಲಿನಿಂದ ವಿವರಿಸಿದ. ಹ್ಯಾಮ್ ಎಂದ, ಆಕಾಶ ಎಂದ, ವಿಕ್ಟರ್ ಎಂದ, ಜೀರುಂಡೆ ಎಂದ. ಡಾಕ್ಟರು ಪೂರ್ತಿ ಕೇಳಿ ತಲೆಯಾಡಿಸಿದರು. "ಸರಿ ಸಾರ್. ಕೋಳಿಗಂತೂ ಏನೂ ಇಲ್ಲ."

ಆ 'ಅಂತೂ' ಅವನನ್ನು ಕಂಬಂವರೆಗೂ ಚುಚ್ಚಿತು. ಆ ದಾರಿಯುದ್ದಕ್ಕೂ ಅವನು ಮೈಕು ಮುಟ್ಟಲಿಲ್ಲ.

ಮಂಟಪದ ಮುಂದೆ ಗಾಡಿ ನಿಂತಾಗ ಹನ್ನೆರಡು ಹತ್ತು. ಸೀರಿನ ತಟ್ಟೆ ಎತ್ತಿಕೊಂಡು, ರೇಷ್ಮೆ ಪಂಚೆ ಮೊಣಕಾಲವರೆಗೆ ಎತ್ತಿ ಓಡಿದ ತಂಗವೇಲನಿಗೆ ಒಳಗಿನಿಂದ ಕೂಸು ಕಿರುಚುವ ದನಿ ಕೇಳಿತು. ವೇದಿಕೆಯ ಮೇಲೆ ಮಗು ಎರಡು ಕಿವಿಗೂ ಬಂಗಾರದ ಓಲೆ ಇಟ್ಟುಕೊಂಡು ಅಳುತ್ತಿತ್ತು. ಅದು ಕೂತಿದ್ದದ್ದು ಜೆಯಕುಮಾರನ ಮಡಿಲಲ್ಲಿ. ಜೆಯಕುಮಾರನ ಬಿಳಿ ಪಂಚೆಯ ನಡುವೆ ಭೂಪಟದಷ್ಟು ದೊಡ್ಡ ಒದ್ದೆ.

"ಇಳಿಸೋ!" ಎಂದು ತಂಗವೇಲ್ ಗುಡುಗಿದ. "ಅದು ನನ್ನ ಜಾಗ! ನೀನೇ ವೈರು ತಿರುಗಿಸಿ, ನೀನೇ ದಾರಿ ತಪ್ಪಿಸಿ, ಈಗ ನೀನೇ ಮಾಮ ಆಗಿ ಕೂತಿದೀಯಾ?"

"ಅಣ್ಣಾ, ಈ ಮಗು ಮೇಲಾಣೆ ನನಗೇನೂ ಗೊತ್ತಿಲ್ಲ! ಮುಹೂರ್ತ ಮೀರ್ತಿತ್ತು. ಅಭಿ ಅಕ್ಕ ನನ್ನ ಕೊರಳಪಟ್ಟಿ ಹಿಡಿದು ಕೂರಿಸಿದ್ದು."

"ಮೈಕು ಹೇಗೆ ಹಾಡ್ತು ಮತ್ತೆ?"

"ಸ್ವಿಚ್ಚು ಕೆಳಗಿದ್ರೆ ಹಾಡಲ್ಲಣ್ಣಾ."

"ಕೆಳಗೇ ಇತ್ತು! ನಾನೇ ಎರಡು ಸಲ ನೋಡಿದೀನಿ!"

ಜೆಯಕುಮಾರ್ ತಲೆ ಕೆರೆದುಕೊಂಡ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಯಾರ ದನಿಯಲ್ಲಿ ಮಾತಾಡಬೇಕೆಂದು ತಿಳಿಯಲಿಲ್ಲ. ಅಭಿರಾಮಿ ಕಣ್ಣೊರೆಸಿಕೊಂಡು ಬಂದಳು. "ಅಣ್ಣಾ, ಒಂಬತ್ತು ವರ್ಷ ಕಾದ್ವಿ. ಒಂದು ಗಂಟೆ ಮುಂಚೆ ಬರೋಕಾಗ್ಲಿಲ್ವಾ?"

"ಕೋಳಿ ಅಭಿ... ಕೋಳಿ ತಂದಿದೀನಿ. ನೋಡು, ಸರ್ಟಿಫಿಕೇಟು!"

ಅಡುಗೆಯ ಮುಖ್ಯಸ್ಥ ಸೌಟು ಹಿಡಿದು ಅಡ್ಡ ಬಂದ. ಅವನ ಫೋನಿನಲ್ಲಿ ದ್ರಾಕ್ಷಿ ತೋಟದ ವಿಡಿಯೋ ಓಡುತ್ತಿತ್ತು: ಗಾಜಿನೊಳಗಿಂದ ಕೈ ಬೀಸುವ ತಂಗವೇಲ್, ನೆತ್ತಿಯ ಮೇಲಿನಿಂದ 'ಸೀಕು, ಸೀಕು, ಸೀಕು'. "ಇಡೀ ಕಂಬಂ ನೋಡಿಯಾಯ್ತು ಸಾರ್. ಈ ಕೋಳಿ ಪಾತ್ರೆಗೆ ಬಿದ್ರೆ ನಾಳೆಯಿಂದ ನನ್ನ ಕೈಲಿ ಯಾರೂ ಅಡುಗೆ ಮಾಡಿಸಲ್ಲ. ಸರ್ಟಿಫಿಕೇಟ್ ಬೇಕಾದ್ರೆ ಎಲೆ ಮೇಲೆ ಬಡಿಸ್ತೀನಿ."

ಅವತ್ತು ಮಾಮನ ಸೀರಿನ ಊಟ ಸಾಂಬಾರು, ವಡೆ, ಪಾಯಸ. ನೆಂಟರು ಕೋಳಿಯ ಆಸೆಯಿಟ್ಟುಕೊಂಡು ಬಂದವರು. ಒಬ್ಬೊಬ್ಬರೂ ವಡೆಯ ತೂತಿನ ಮೂಲಕವೇ ತಂಗವೇಲನನ್ನು ನೋಡಿದರು. ತಮಿಳರಸಿ ಅವನ ಎಲೆಗೆ ಉಪ್ಪು ಬಡಿಸಿ ಮುಂದೆ ಹೋದಳು, ಬೇರೇನೂ ಬಡಿಸಲಿಲ್ಲ.

ಎರಡು ಗಂಟೆಗೆ ವೀರಮ್ಮಾಳ್ ಎದ್ದಳು. "ಕೋಳಿಗೆ ನೀರಿಲ್ಲ ಕಣ್ಣು. ಓಗಾನ."

ಗಾಡಿಯಲ್ಲಿ ಚಾರ್ಜು ನಲವತ್ತು, ತಂಗವೇಲನಲ್ಲಿ ಕೋಪ ನೂರು. ಪುದುಪಟ್ಟಿ ದಾಟಿ, ಬಸ್ ನಿಲ್ದಾಣದ ಎದುರು ಒಂದು ಹುಣಸೆಮರದ ನೆರಳು ಕಂಡದ್ದೇ ಗಾಡಿಯನ್ನು ಪಕ್ಕಕ್ಕೆ ತಂದು ಆಫ್ ಮಾಡಿ, ಸೀಟಿನ ಹಿಂದಿನಿಂದ ಸ್ಪ್ಯಾನರ್ ಎಳೆದ. "ಸಾಕು! ಈ ದರಿದ್ರ ರೇಡಿಯೋ ಬೇಡ, ಈ ಕಂಬ ಬೇಡ! ಬಿಚ್ಚಿ ಆ ಕಾಲುವೆಗೆ ಎಸೀತೀನಿ. ನನ್ನ ಮಡಿಲು ಹೋಯ್ತು, ಮಾನ ಹೋಯ್ತು..."

"ಬಿಚ್ಚಬ್ಯಾಡ."

ದನಿ ಮೆತ್ತಗಿತ್ತು. ತಂಗವೇಲ್ ತಿರುಗಿದ.

"ಬಿಚ್ಚಬ್ಯಾಡ ಸಾಮಿ. ನನ್ನ ಮೂವತ್ತು ಮಕ್ಕಳ ಜೀವ ಉಳಿಸಿದ ಯಂತ್ರ ಅದು."

ವೀರಮ್ಮಾಳ್ ಎಲೆಯಡಿಕೆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಬಲಗಾಲು ಚಾಚಿ, ಬೆಳ್ಳಿ ಕಾಲುಂಗುರದ ಬೆರಳಿನಿಂದ ಕೆಂಪು ಸ್ವಿಚ್ಚನ್ನು ಟಕ್ ಎಂದು ಮೇಲೆತ್ತಿದಳು. ಟಕ್ ಎಂದು ಇಳಿಸಿದಳು. ಮತ್ತೆ ಮೇಲೆ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದವಳ ಕಾಲು. ತಪ್ಪುವ ಮಾತೇ ಇರಲಿಲ್ಲ.

"ನೀನು ಆ ಕಿವಿಮುಚ್ಚಿಕೆ ಆಕ್ಕೊಂಡು ಮೈಕು ಹಿಡಿದ್ರೆ ಮೇಲೆ. ನೀನು ಬಾಗಿಲು ತೆಗೆದು ಇಳಿದ್ರೆ ಕೆಳಗೆ. ಕೆಳಗಿದ್ರೆ ಆಕಾಶಕ್ಕೆ ಮಾತ್ರ, ಮೇಲಿದ್ರೆ ಊರಿಗೂ. ಜೆಯಕುಮಾರು ಯೋಳ್ತಿದ್ದಾಗ ನಾನೂ ಅಲ್ಲೇ ಕುಂತಿದ್ನಲ್ಲ."

ತಂಗವೇಲನ ಕೈಯಿಂದ ಸ್ಪ್ಯಾನರ್ ಜಾರಿತು. "ಅಮ್ಮಾ! ನೀನಾ? ಇದು ಯಾವೂರ ನ್ಯಾಯ? ಕೋಳಿಗೋಸ್ಕರ ಸ್ವಂತ ಮಗನ ಮಡಿಲು ಕಳೆದ್ಯಾ?"

"ಒಂದ್ಸಲ ಕೇಳಿದ್ಯಾ ನನ್ನ? ನಾನು ಅಕ್ಕಿ ನುಚ್ಚಾಕಿ ಸಾಕಿದ ಕೋಳೀನ, ನನ್ನ ಒಂದ್ ಮಾತು ಕೇಳದೆ ಬುಟ್ಟಿಗೆ ತುಂಬಿದೆ. ಚಿನ್ನಮನೂರಲ್ಲೇ ಹಿಂದಕ್ಕೆ ತಿರುಗ್ತೀಯ, ಬಾಯ್ಲರ್ ಕೋಳಿ ತಗಂಡು ಓಗ್ತೀಯ ಅಂದ್ಕಂಡೆ. ಆ ಡಾಕ್ಟರಮ್ಮ ಒಂದೊಂದು ಕೋಳಿಗೂ ಜಾತಕ ಬರೀತಾಳೆ ಅಂತ ನಂಗೇನು ಗೊತ್ತು? ಮಡಿಲು ಎಲ್ಲಿ ಓಯ್ತದೆ ಕಣ್ಣು, ನಿನ್ ತಾವೇ ಅದೆಯಲ್ಲ. ಕೆಂಪಿ ಕುತ್ತಿಗೆ ಓದ್ರೆ ಬರ್ತದಾ?"

ತಂಗವೇಲ್ ಬಾಯಿ ತೆರೆದ. ಬೈಗುಳ ನಾಲಗೆಯ ತುದಿಗೆ ಬಂದು ನಿಂತಿತ್ತು. ತಾಯಿ ಮುಂದುವರಿಸಿದಳು: "ಮಿಕ್ಕಿದ್ದೂ ನೋಡು. ಆ ಕೂಸು ಜೆಯಕುಮಾರನ ಪಂಚೆ ಮೇಲೆ ಮಾಡಿದ್ದು ನೋಡಿದ್ಯಲ್ಲ? ನಿಂದು ರೇಷ್ಮೆ."

ಆಗ ರೇಡಿಯೋ ಕರಕರ ಎಂದಿತು.

ಗಾಡಿ ಆಫ್ ಆಗಿತ್ತು. ಬೆಳಗ್ಗೆಯಿಂದ ಕೂಗುತ್ತಿದ್ದ ಸಾವಿರ ಜೀರುಂಡೆಗಳೂ ಸುಮ್ಮನಾಗಿದ್ದವು. ಸೀಟಿನ ಮೇಲೆ ಬಿದ್ದಿದ್ದ ಹೆಡ್‌ಫೋನಿನಿಂದ ದಿಂಡಿಗಲ್ಲಿನ ಒಬ್ಬ ಹಿರಿಯ ಹ್ಯಾಮಿನ ದನಿ ಗಾಜಿನಷ್ಟು ಸ್ವಚ್ಛವಾಗಿ ಹರಿದು ಬಂತು.

"ವಿಕ್ಟರ್ ಯೂನಿಫಾರ್ಮ್ ತ್ರೀ ಕಿಲೋ, ಬೆಳಗ್ಗೆ ಎಂಟು ಗಂಟೆಯಿಂದ ಉತ್ತರ ಕೊಡ್ತಾ ಇದೀವಿ ಸಾರ್, ನಿಮಗೆ ಕೇಳಿಸ್ತಾನೇ ಇಲ್ಲ. ನಿಮ್ಮ ದನಿ ಬೆಳಗ್ಗೆ ಇಲ್ಲಿ ಬಹಳ ಚೆನ್ನಾಗಿ ಬಂತು. ನಿಮ್ಮ ಹಿಂದೆ ಕೂಗೋ ಕೋಳಿ ದನಿ ಇನ್ನೂ ಚೆನ್ನಾಗಿ ಬಂತು. ದಿಂಡಿಗಲ್ ಗೆಳೆಯರದ್ದೆಲ್ಲ ಒಂದೇ ಪ್ರಶ್ನೆ, ಕಿಲೋ ಎಷ್ಟು? ಓವರ್."

ಮೊದಲು ನಕ್ಕವಳು ವೀರಮ್ಮಾಳ್, ಎಲೆಯಡಿಕೆಯ ಕೆಂಪು ಬಾಯಿ ತೆರೆದು, ಹಲ್ಲಿಲ್ಲದ ಕಡೆಯಿಂದಲೂ. ಹಿಂದೆ ಕೆಂಪಿ ಕೊಕ್ಕೊಕ್ಕೋ ಎಂದಿತು, ಉಳಿದ ಇಪ್ಪತ್ತೊಂಬತ್ತೂ ದನಿಗೂಡಿಸಿದವು. ತಂಗವೇಲ್ ದಿಂಡಿಗಲ್ಲಿಗೆ ತಕ್ಕ ಉತ್ತರ ಕೊಡಬೇಕೆಂದು ಮೈಕಿನ ಗುಂಡಿ ಒತ್ತಿದ. "ಇದು ಯಾವೂರ..." ಎಂದು ಶುರು ಮಾಡಿದವನಿಗೆ ಮುಂದಿನ ಮಾತು ಬರಲಿಲ್ಲ, ಹೊಟ್ಟೆಯ ಆಳದಿಂದ ನಗು ಬಂತು. ಹದಿನೈದು ದಿನದ ಗಂಜಿ, ಮೂವತ್ತು ಕೊಕ್ಕು, ಒಂದು ಒದ್ದೆ ಪಂಚೆ, ಎಲ್ಲ ಸೇರಿ ಬಂದ ನಗು. ಗುಂಡಿ ಬಿಡುವುದೂ ಮರೆತುಹೋಯಿತು.

ಎದುರಿನ ಬಸ್ ನಿಲ್ದಾಣದಲ್ಲಿದ್ದ ಇಬ್ಬರು ಹೆಂಗಸರು ಬೆಚ್ಚಿ ಎದ್ದು ಸೆರಗನ್ನು ಮೂಗಿಗೆ ಒತ್ತಿಕೊಂಡರು. "ಪಾವಂ, ಅಯ್ಯೋ ಪಾಪ," ಎಂದಳು ಒಬ್ಬಳು, "ಬೆಳಗ್ಗೆ ವಿಡಿಯೋದಲ್ಲಿ ಬಂದೋನು ಇವನೇ. ಕೋಳಿ ಸೀಕ್ಕು ಆಳಿಗೇ ಅಂಟ್ಕೊಂಡದೆ."

ದ್ರಾಕ್ಷಿ ತೋಟಗಳ ಮೇಲೆ ಹಾದು ಆ ನಗು ಮೇಘಮಲೆಗೆ ಬಡಿದು ಹಿಂದಕ್ಕೆ ಬಂತು. ತಾಯಿ ನಕ್ಕಳು, ಕೋಳಿ ನಕ್ಕವು, ದಿಂಡಿಗಲ್ಲೂ ನಕ್ಕಿತು. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ತಂಗವೇಲನೇ. ಕೆಂಪು ಸ್ವಿಚ್ಚು ಮೇಲಿತ್ತಲ್ಲ.